ಕ್ಷಯವೋ ಸಾರ್ಕಾಯ್ಡೋಸಿಸ್ಸೋ: ಜಯನಗರದ ಒಂದು ಶ್ವಾಸಕೋಶ ಚಿಕಿತ್ಸಾಲಯ

ಎದೆಯ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಬುಡದ ದುಗ್ಧಗ್ರಂಥಿಗಳು ಊದಿರುವುದು ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಅದರಲ್ಲಿ ತಪ್ಪೂ ಇಲ್ಲ. ಆದರೆ ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಮೂಡುವ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಲ್ಲೂ ಹೀಗೇ ಕಾಣಬಹುದು. ನನ್ನ ಅಕ್ಕನನ್ನು ಮೊದಲು ನೋಡಿದ ವೈದ್ಯರು, ಕಫದಲ್ಲಿ ರೋಗಾಣು ಸಿಗದಿದ್ದರೂ, ಕ್ಷಯದ ಮಾತ್ರೆ ಆರಂಭಿಸಿಬಿಡೋಣ ಎಂದಿದ್ದರು. ಎರಡನೆಯ ಅಭಿಪ್ರಾಯಕ್ಕಾಗಿ ಜಯನಗರದ ಈ ಸಣ್ಣ ಚಿಕಿತ್ಸಾಲಯಕ್ಕೆ ಹೋದೆವು.

ಇಲ್ಲಿನ ತಜ್ಞರು ಎಕ್ಸ್‌ರೇ ಕೈಗೆತ್ತಿಕೊಳ್ಳುವ ಮೊದಲೇ ಅಕ್ಕನ ಮೊಣಕಾಲ ಕೆಳಗೆ ಎದ್ದಿದ್ದ, ಒತ್ತಿದರೆ ನೋಯುವ ಕೆಂಪು ಗಂಟುಗಳನ್ನು ನೋಡಿದರು; ಅದುವರೆಗೆ ಅವನ್ನು ಒಣಕೆಮ್ಮಿನೊಂದಿಗೆ ಯಾರೂ ಜೋಡಿಸಿರಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ, ಎದೆ ಡವಗುಟ್ಟಿ ತಲೆ ಸುತ್ತಿದ್ದುಂಟೇ ಎಂದು ವಿಚಾರಿಸಿ, ಸಾರ್ಕಾಯ್ಡೋಸಿಸ್ ಶಂಕೆಯಿದ್ದಾಗ ಕಣ್ಣು ಮತ್ತು ಹೃದಯವನ್ನು ಪರೀಕ್ಷಿಸದೆ ಬಿಡಬಾರದೆಂದು ಇಸಿಜಿ ಮಾಡಿಸಿದರು, ನೇತ್ರತಜ್ಞರಿಗೂ ಚೀಟಿ ಬರೆದುಕೊಟ್ಟರು. ಕ್ಷಯದ ಸೋಂಕು ತಗುಲಿದೆಯೇ ಎಂದು ನೋಡಲು ಚರ್ಮಕ್ಕೆ ಚುಚ್ಚುವ ಮ್ಯಾಂಟೂ ಪರೀಕ್ಷೆಯಲ್ಲಿ ಚರ್ಮ ಒಂದಿಷ್ಟೂ ಊದಲಿಲ್ಲ. ಕ್ಷಯದ ಸೋಂಕು ಇಷ್ಟು ವ್ಯಾಪಕವಾಗಿರುವಲ್ಲಿ ಅದು ಸಾರ್ಕಾಯ್ಡೋಸಿಸ್‌ನತ್ತ ಒಂದು ಸುಳಿವೇ ಹೊರತು ಪುರಾವೆಯಲ್ಲ ಎಂದರು. ಸಾರ್ಕಾಯ್ಡೋಸಿಸ್‌ನಲ್ಲಿ ಏರಬಹುದಾದ, ರಕ್ತದ ಎಸಿಇ ಎಂಬ ಕಿಣ್ವದ ಪ್ರಮಾಣವನ್ನೂ ಅವರು ಅಷ್ಟೇ ತೂಕದಲ್ಲಿಟ್ಟರು.

ನಾನು ಮೆಚ್ಚಿದ್ದು ಮುಖ್ಯವಾಗಿ ಮುಂದಿನ ಹಂತವನ್ನು. ಗ್ರಂಥಿಯ ಮಾದರಿ ಸಿಗುವವರೆಗೆ ಸ್ಟೀರಾಯ್ಡ್ ಬೇಡವೆಂದರು, ಏಕೆಂದರೆ ಅದರಿಂದ ಲಿಂಫೋಮಾದ (ದುಗ್ಧಗ್ರಂಥಿಗಳ ಕ್ಯಾನ್ಸರ್) ಊತವೂ ತಾತ್ಕಾಲಿಕವಾಗಿ ಇಳಿದು ರೋಗ ಮರೆಯಾಗಬಹುದು, ಕ್ಷಯವಿದ್ದರೆ ಉಲ್ಬಣಿಸಬಹುದು. ಶ್ವಾಸನಾಳದೊಳಗೆ ಅಲ್ಟ್ರಾಸೌಂಡ್ ಕೊಳವೆ ಇಳಿಸಿ ಸೂಜಿಯಿಂದ ಗ್ರಂಥಿಯ ಮಾದರಿ ತೆಗೆಯುವ ಇಬಸ್ ಪರೀಕ್ಷೆ ಇಲ್ಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಮಾದರಿಯನ್ನೆಲ್ಲ ಫಾರ್ಮಲಿನ್‌ಗೆ ಹಾಕಿದರೆ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಸಾಧ್ಯವಾಗುವುದಿಲ್ಲವಾದ್ದರಿಂದ ಒಂದು ಪಾಲನ್ನು ಸಲೈನ್‌ನಲ್ಲಿ ಇಡಬೇಕೆಂದು ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ವರದಿಯಲ್ಲಿ, ಕ್ಷಯದಲ್ಲಿ ಸಾಮಾನ್ಯವಾಗಿ ಕಾಣುವ ಕೊಳೆತವಿಲ್ಲದ ಗ್ರ್ಯಾನುಲೋಮಾ (ಉರಿಯೂತದ ಸಣ್ಣ ಗಂಟು) ಎಂದು ಬಂತು, ಕ್ಷಯಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಕ್ಷಯ ಕಾಣಲಿಲ್ಲ. ಹಾಗಿದ್ದರೂ ಕ್ಷಯ ಕೆಲವೊಮ್ಮೆ ಈ ರೂಪದಲ್ಲೂ ಇರಬಹುದೆಂದು, ವಾರಗಟ್ಟಲೆ ಹಿಡಿಯುವ ಕಲ್ಚರ್ ವರದಿ ಬರುವವರೆಗೆ ಸಾರ್ಕಾಯ್ಡೋಸಿಸ್ ಎಂಬ ಹೆಸರನ್ನು ಕಡತದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೇ ಬರೆದಿದ್ದರು.

ಕುಂದುಗಳೂ ಇವೆ. ಕೊಟ್ಟ ಸಮಯಕ್ಕೆ ಕರೆಯುವುದಿಲ್ಲ, ಕಾಯುವ ಕೋಣೆ ಇಕ್ಕಟ್ಟು, ಫೋನ್ ಎತ್ತುವವರು ಅಪರೂಪ. ಇಬಸ್ ಶುಲ್ಕದ ಜೊತೆಗೆ ಪೆಥಾಲಜಿಯ ಬಿಲ್ ಬೇರೆಯಾಗಿ ಬರುತ್ತದೆಂದು ಮೊದಲೇ ತಿಳಿಸಬಹುದಿತ್ತು.

ಶ್ವಾಸಕೋಶದ ಸಾಮರ್ಥ್ಯ, ಕಣ್ಣು, ಇಸಿಜಿ ಎಲ್ಲವೂ ಸರಿಯಿದ್ದುದರಿಂದ ಸದ್ಯಕ್ಕೆ ಔಷಧಿ ಇಲ್ಲ. ಈ ಹಂತದ ಸಾರ್ಕಾಯ್ಡೋಸಿಸ್ ಬಹಳ ಜನರಲ್ಲಿ ತಾನಾಗಿಯೇ ಇಳಿಯುತ್ತದಂತೆ. ನಿಲ್ಲಿಸಿದ್ದು ಒಂದನ್ನು ಮಾತ್ರ: ಬೆಂಗಳೂರಿನಲ್ಲಿ ಅರ್ಧ ಊರೇ ನುಂಗುವ ವಾರಕ್ಕೊಂದು ವಿಟಮಿನ್ ಡಿ. ಗ್ರ್ಯಾನುಲೋಮಾಗಳೇ ಅದನ್ನು ಸಕ್ರಿಯ ರೂಪಕ್ಕೆ ತಿರುಗಿಸಿ ರಕ್ತದ ಕ್ಯಾಲ್ಸಿಯಂ ಏರಿಸಬಲ್ಲವು. ಹೋಗುವವರು ಹಳೆಯ ಎಕ್ಸ್‌ರೇಗಳ ಜೊತೆಗೆ ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಗಳನ್ನೂ ಒಯ್ಯುವುದು ಒಳ್ಳೆಯದು. ಇಲ್ಲಿ ಎರಡನ್ನೂ ಬಿಡಿಸಿ ನೋಡುತ್ತಾರೆ.