ಮೋಟಾರ್ ಆಫ್ ಆದರೆ ಗೋಡೆ ಧಡ್ ಅಂತಿತ್ತು: ನಮ್ಮ ಮನೆಯ ಮೂರು ಎನ್‌ಆರ್‌ವಿಗಳ ಕಥೆ

ಬೆಳಗ್ಗೆ ಐದೂವರೆಗೆ ಮೋಟಾರ್ ಆಫ್ ಮಾಡಿದ ಕೂಡಲೇ ಧಡ್. ನಾವೇ ಗೋಡೆ ಗುದ್ದುತ್ತಿದ್ದೇವೆ ಅಂತ ಕೆಳಗಿನ ಬಾಡಿಗೆಯವರು ಒಂದು ವಾರ ಅಂದುಕೊಂಡಿದ್ದರಂತೆ. ಗುದ್ದುತ್ತಿದ್ದದ್ದು ಒಂದಿಂಚಿನ ಎನ್‌ಆರ್‌ವಿ. ಪಂಪಿನಿಂದ ಮೇಲೆ ಹೋದ ನೀರು ವಾಪಸ್ ಬರದಂತೆ ತಡೆಯುತ್ತದಲ್ಲ, ಅದೇ ವಾಲ್ವ್.

ಪ್ಲಂಬರ್ ಹಾಕಿದ್ದು ಸ್ವಿಂಗ್ ಟೈಪ್. ಒಳಗೆ ಒಂದು ಪುಟ್ಟ ಬಾಗಿಲು ಮೇಲಿನ ಪಿನ್ನಿಗೆ ನೇತಾಡುತ್ತಿರುತ್ತದೆ. ನೀರು ತಳ್ಳಿದರೆ ತೆರೆಯುತ್ತದೆ, ನಿಂತರೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಅಡ್ಡ ಪೈಪಿನಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮದು ನೆಟ್ಟಗೆ ಮೇಲೇರುವ ಪೈಪು. ಅಲ್ಲೂ ಹಾಕಬಹುದು, ನೀರು ಮೇಲ್ಮುಖವಾಗಿ ಹೋಗುತ್ತಿದ್ದರೆ ಸಾಕು. ಆದರೆ ಪೂರ್ತಿ ತೆರೆದಾಗ ಬಾಗಿಲು ಹೆಚ್ಚುಕಮ್ಮಿ ನೆಟ್ಟಗೆ ನಿಂತುಬಿಡುತ್ತದೆ, ಹಾಗಾಗಿ ಬೀಳೋದು ಸ್ವಲ್ಪ ತಡ. ಅಷ್ಟರಲ್ಲಿ ಪೈಪಿನ ನೀರು ಹಿಂದಕ್ಕೆ ಹೊರಟಿರುತ್ತದೆ. ಸಂಪಿನಿಂದ ಟ್ಯಾಂಕಿಗೆ ಸುಮಾರು 12 ಮೀಟರ್, ಒಂದಿಂಚಿನ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ಲೆಕ್ಕ ಹಿಡಿದರೆ ಆರು ಕೆಜಿ ನೀರು. ಅದು ಒಮ್ಮೆಗೇ ಬಂದು ಬಾಗಿಲನ್ನು ಹೊಡೆದರೆ ಸದ್ದು ಬರದೆ ಇನ್ನೇನು?

ಅಂಗಡಿಯವರು ಕೇಳಿದ್ದು ಒಂದೇ ಮಾತು, "ಸಾರ್, ಯಾವ ಪೈಪಿಗೆ?" ಹೇಳಿದ ಮೇಲೆ ಹಿತ್ತಾಳೆಯ ಸ್ಪ್ರಿಂಗ್ ಟೈಪ್ ಕೊಟ್ಟರು. ಹಳೆಯದಕ್ಕಿಂತ ಹಗುರ, ಬೆಲೆಯೂ ಕಡಿಮೆ, ಸುಮ್ನೆ ಕೊಟ್ಟುಬಿಟ್ಟರೇನೋ ಅಂತ ನನಗೆ ಅನುಮಾನ. ಹಾಕಿದ ದಿನವೇ ಸದ್ದು ನಿಂತಿತು. ಮೋಟಾರ್ ನಿಲ್ಲುತ್ತಿದ್ದಂತೆ, ನೀರು ಹಿಂದೆ ತಿರುಗುವ ಮೊದಲೇ, ಸ್ಪ್ರಿಂಗ್ ಒಳಗಿನ ಬಿಲ್ಲೆಯನ್ನು ತಳ್ಳಿ ಬಾಯಿ ಮುಚ್ಚಿಬಿಡುತ್ತದೆ. ನೆಟ್ಟಗೆ, ಅಡ್ಡಡ್ಡ, ಹೇಗೆ ಬೇಕಾದರೂ ಕೂರಿಸಬಹುದು, ಮೈಮೇಲಿನ ಬಾಣದ ಗುರುತು ಮಾತ್ರ ನೀರು ಹೋಗುವ ಕಡೆಗಿರಬೇಕು.

ಹೊಗಳಿಕೆ ಇಷ್ಟೇ. ಎರಡನೇ ವಾರ ಅದೂ ಸೋರಿತು. ಟ್ಯಾಂಕಿಗೆ ಏರುವ ಡೆಲಿವರಿ ಪೈಪಿಗೆ ಕಿವಿಯಿಟ್ಟರೆ ಸುಯ್ ಅಂತ ನೀರಿಳಿಯುವ ಸದ್ದು. ಡುಪ್ಲಿಕೇಟ್ ಮಾಲು ಅಂತ ಅಂಗಡಿಗೆ ಜಗಳಕ್ಕೆ ಹೋಗೋಣ ಅಂದುಕೊಂಡೇ ಬಿಚ್ಚಿದೆ. ನೋಡಿದರೆ ಬಿಲ್ಲೆಗೂ ಅದು ಕೂರುವ ಅಂಚಿಗೂ ನಡುವೆ ಬೆರಳುಗುರಿನಷ್ಟು ಟೆಫ್ಲಾನ್ ಟೇಪ್ ಸಿಕ್ಕಿಕೊಂಡಿತ್ತು. ಪೈಪಿಗೆ ಟೇಪ್ ಸುತ್ತುವಾಗ ತುದಿ ಬಿಟ್ಟು ಸುತ್ತಬೇಕು, ನಾನು ತುದಿಯ ಆಚೆಗೂ ಸುತ್ತಿದ್ದೆ. ತಪ್ಪು ನನ್ನದೇ, ಜಗಳ ಕ್ಯಾನ್ಸಲ್. ಪಕ್ಕದಲ್ಲೇ ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಿ ಮತ್ತೆ ಜೋಡಿಸಬಹುದಾದ ಜಾಯಿಂಟ್) ಹಾಕಿಸಿದ್ದರಿಂದ ಹತ್ತು ನಿಮಿಷದ ಕೆಲಸವಾಯಿತು, ಇಲ್ಲದಿದ್ದರೆ ಪೈಪ್ ಕತ್ತರಿಸಬೇಕಿತ್ತು. ಯೂನಿಯನ್ ಇಲ್ಲದೆ ಎನ್‌ಆರ್‌ವಿ ಹಾಕಲು ಬಂದ ಪ್ಲಂಬರನ್ನು ದಯವಿಟ್ಟು ತಡೆಯಿರಿ.

ಇನ್ನೊಂದು ಕೊರತೆ, ಬೋರ್ ನೀರಿನ ಸುಣ್ಣ ಒಳಗೆ ಕಟ್ಟಿದರೆ ಸ್ಪ್ರಿಂಗ್ ಬಿಗಿಯುತ್ತದೆ. ಸ್ವಿಂಗ್ ವಾಲ್ವಿನ ಮುಚ್ಚಳ ಸ್ಪ್ಯಾನರಿನಲ್ಲಿ ಬಿಚ್ಚಿ ಉಜ್ಜಬಹುದು. ಈ ಸಣ್ಣ ಸ್ಪ್ರಿಂಗಿನವನ್ನು ಬಿಚ್ಚಿ ತೊಳೆಯುವ ಬದಲು ಎಸೆದು ಹೊಸದು ಹಾಕೋದೇ ಜಾಸ್ತಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಹಾಗಂತ ಎಲ್ಲ ಕಡೆ ಸ್ಪ್ರಿಂಗ್ ಹಾಕಬೇಡಿ. ಸೋಲಾರಿಗೆ ಹೋಗುವ ತಣ್ಣೀರಿನ ಪೈಪಿಗೂ ಅದನ್ನೇ ಹಾಕಿಸಿ ನಾನು ಪೆಟ್ಟು ತಿಂದೆ. ಅಲ್ಲಿ ಟ್ಯಾಂಕ್ ಇರುವುದು ಒಂದೇ ಮೀಟರ್ ಎತ್ತರದಲ್ಲಿ, ಅಂದರೆ ಸಿಗುವ ಒತ್ತಡ 0.1 ಬಾರ್. ಅಷ್ಟರಲ್ಲೂ ಸ್ಪ್ರಿಂಗ್ ತನ್ನ ಪಾಲು ಕೇಳುತ್ತದೆ, ಶವರಿನಲ್ಲಿ ನೀರು ನೂಲಿನ ಹಾಗೆ ಬಂತು. ಕೊನೆಗೆ ಗೋಡೆ ಗುದ್ದುತ್ತಿದ್ದ ಹಳೇ ಸ್ವಿಂಗ್ ವಾಲ್ವನ್ನೇ ತೊಳೆದು ಅಲ್ಲಿ ಅಡ್ಡಕ್ಕೆ ಹಾಕಿದೆವು. ಈಗ ಅದರ ಸುದ್ದಿಯೇ ಇಲ್ಲ, ಬಿಸಿನೀರು ತಣ್ಣೀರಿನ ಪೈಪಿಗೂ ನುಗ್ಗುತ್ತಿಲ್ಲ.

ಮೂರನೆಯದು ಸಂಪಿನ ತಳದ ಫುಟ್ ವಾಲ್ವ್. ಅದೂ ಇದೇ ಜಾತಿ, ಜಾಲರಿ ಇರುತ್ತದೆ ಅಷ್ಟೇ. ಅದು ಸೋರಿದರೆ ಪಂಪು ಗಾಳಿ ಎಳೆಯುತ್ತದೆ, ದಿನಾ ಬೆಳಗ್ಗೆ ಚೊಂಬಿನಲ್ಲಿ ನೀರು ಹುಯ್ದು ಪ್ರೈಮ್ ಮಾಡಬೇಕು. ನಮ್ಮದು ಈ ವಾರ ಶುರು ಮಾಡಿದೆ. ಸಂಪಿಗೆ ಯಾರು ಇಳಿಯುವುದು ಅನ್ನೋದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.