ರಕ್ತಕ್ಕೆ ಕೂಗಿದವರು ಅಮ್ಮನ ಸೀನಿಗೆ ಸುಮ್ಮನಾದರು

ಎರಡು ಶನಿವಾರ ರಾತ್ರಿ, ಅದೇ ಹಾಲ್, ಅದೇ ಆರು ಜನ. ನಾನು, ಇಬ್ಬರು ಗೆಳೆಯರು, ಚಿಕ್ಕಪ್ಪನ ಮೂವರು ಮಕ್ಕಳು. ಎಲ್ಲರೂ ಹದಿನೆಂಟು ದಾಟಿದವರೇ. ಮೊದಲ ವಾರ ನೆಟ್‌ಫ್ಲಿಕ್ಸ್‌ನ ‘ದಿ ಬೇಬಿಸಿಟರ್: ಕಿಲ್ಲರ್ ಕ್ವೀನ್’ (2020), ಮುಂದಿನ ವಾರ ‘ಹ್ಯಾಪಿ ಡೆತ್ ಡೇ ಟು ಯು’ (2019). ಎರಡೂ 2017ರಲ್ಲಿ ಬಂದ ಸಿನಿಮಾಗಳ ಎರಡನೇ ಭಾಗ, ಎರಡೂ ಭಯ ಮತ್ತು ನಗು ಬೆರೆತವು. ಮೊದಲ ಭಾಗಗಳನ್ನು ಎಲ್ಲರೂ ನೋಡಿದ್ದೆವು. ನೀವಿನ್ನೂ ನೋಡಿಲ್ಲ ಅಂದರೆ ಮುಂದೆ ಕಥೆ ಬಿಚ್ಚಿಕೊಳ್ಳುತ್ತದೆ, ಹುಷಾರು.

‘ಕಿಲ್ಲರ್ ಕ್ವೀನ್’ ಹಾಕಿದ ರಾತ್ರಿ ಗಲಾಟೆಯೋ ಗಲಾಟೆ. ಕಥಾನಾಯಕ ಹುಡುಗ ಕೋಲ್ ಸರೋವರಕ್ಕೆ ಹೋಗುತ್ತಾನೆ. ಪಕ್ಕದ ಮನೆಯ ಮೆಲನಿ ಬೋಟಿನಲ್ಲಿ ಎಲ್ಲರೆದುರೇ ತನ್ನ ಗೆಳತಿಯನ್ನು ಕೊಲ್ಲುತ್ತಾಳೆ. ಆಗ ನಮ್ಮ ತಂಗಿಯ ಕೈ ಮಂಡಕ್ಕಿ ಬಟ್ಟಲಲ್ಲೇ ನಿಂತುಬಿಟ್ಟಿತು. ಬೆರಳಿಗೆ ಅಂಟಿದ ಖಾರ ಒರೆಸಿಕೊಳ್ಳುವುದೂ ಮರೆತಿತ್ತು. ಸಿನಿಮಾದ ದೊಡ್ಡ ಕೂಗು ಅದಕ್ಕೇ ಬಂತು. ಆಮೇಲೆ ಮೊದಲ ಭಾಗದಲ್ಲಿ ಸತ್ತವರೆಲ್ಲ ಎದ್ದು ಬಂದರು. ಅಲ್ಲೇ ಎಡವಟ್ಟು. ಸತ್ತವರು ಸುಮ್ನೆ ವಾಪಸ್ ಬರುತ್ತಾರೆ ಅಂದಮೇಲೆ ಯಾರು ಸತ್ತರೂ ಎದೆ ಧಸಕ್ ಅನ್ನಲ್ಲ, ಅಲ್ವಾ? ರಕ್ತ ಜಾಸ್ತಿ ಆಯಿತು, ಕೂಗು ಕಡಿಮೆ ಆಯಿತು. ಅರ್ಧದಲ್ಲಿ ಇಬ್ಬರು ಫೋನ್ ತೆಗೆದರು. ಕೊನೆಗೆ ಮೊದಲ ಭಾಗದಲ್ಲಿ ಕೋಲ್‌ನನ್ನು ನೋಡಿಕೊಳ್ಳುತ್ತಿದ್ದ ಬೇಬಿಸಿಟರ್ ಬೀ ಬಂದಾಗ ಮಾತ್ರ ಮತ್ತೆ ಎಲ್ಲರೂ ನೆಟ್ಟಗೆ ಕೂತರು. ಬೀ ಆಗಿರುವ ಸಮಾರಾ ವೀವಿಂಗ್ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಅಂತ ಆರೂ ಜನ ಒಂದೇ ಮಾತು. ಜೆನ್ನಾ ಒರ್ಟೆಗಾ ಮಾಡಿದ ಫೀಬಿ ಪಾತ್ರ ಎಲ್ಲರಿಗೂ ಹಿಡಿಸಿತು.

‘ಟು ಯು’ನಲ್ಲಿ ರಕ್ತ ಕಡಿಮೆ. ಅಮೆರಿಕದಲ್ಲಿ ಅದಕ್ಕೆ ಪಿಜಿ-13 ಸರ್ಟಿಫಿಕೇಟ್, ಅಂದರೆ ಹದಿಮೂರರೊಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರು ಎಚ್ಚರ ವಹಿಸಬೇಕು ಅಷ್ಟೇ. ಕಥಾನಾಯಕಿ ಟ್ರೀಗೆ ಸತ್ತಾಗಲೆಲ್ಲ ಒಂದೇ ದಿನ ಮತ್ತೆ ಮತ್ತೆ ಬರುವುದಕ್ಕೆ ಕಾಲೇಜು ಹುಡುಗರು ಮಾಡಿದ ಯಂತ್ರವೇ ಕಾರಣ ಅಂತ ಹೇಳುವ ಭಾಗ ಎಳೆದಾಟ. ಒಬ್ಬ ಗೆಳೆಯ ಆಕಳಿಸಿದ. ಆದರೆ ಟ್ರೀ ಬೇರೊಂದು ಲೋಕಕ್ಕೆ ಹೋಗುತ್ತಾಳೆ, ಅಲ್ಲಿ ತೀರಿಕೊಂಡ ಅಮ್ಮ ಬದುಕಿದ್ದಾಳೆ. ಟ್ರೀ ಆಗಿರುವ ಜೆಸ್ಸಿಕಾ ರೋತ್ ಅಮ್ಮನನ್ನು ನೋಡುವ ಆ ಮುಖ! ನಮ್ಮ ಹಾಲ್‌ನಲ್ಲಿ ಫ್ಯಾನ್ ಸದ್ದು ಕೇಳುವಷ್ಟು ಮೌನ. ಹಿಂದಿನ ವಾರ ಹೆಚ್ಚು ಕೂಗಿದ ತಮ್ಮನೇ ಮುಖ ಗೋಡೆಗೆ ತಿರುಗಿಸಿಕೊಂಡ.

ಥಿಯೇಟರ್‌ಗಳಲ್ಲಿ ‘ಟು ಯು’ಗೆ ಅಷ್ಟು ಜನ ಬರಲಿಲ್ಲ. ಮೊದಲ ಭಾಗ ಜಗತ್ತಿನಾದ್ಯಂತ ಸುಮಾರು 12.5 ಕೋಟಿ ಡಾಲರ್ ಗಳಿಸಿದರೆ ಇದು ಸುಮಾರು 6.4 ಕೋಟಿಗೆ ನಿಂತಿತು. ನನಗೆ ಇವತ್ತಿಗೂ ಅದು ಬೇಜಾರಿನ ವಿಷಯ.

ಗುಂಪಾಗಿ ಕೂತು ಕಿರುಚಬೇಕು ಅಂದರೆ ‘ಕಿಲ್ಲರ್ ಕ್ವೀನ್’ ಹಾಕಿ. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಡವೇ ಬೇಡ. ನನ್ನ ಓಟು ‘ಟು ಯು’ಗೆ. ಮುಂದಿನ ತಿಂಗಳು ತಂಗಿ ಮತ್ತೆ ಬರುತ್ತಾಳೆ. ಯಾವುದು ಹಾಕಲಿ ಅಂತ ಫೋನಿನಲ್ಲಿ ಕೇಳಿದೆ. “ಟ್ರೀದು ಹಾಕಣ್ಣ, ಮೊದಲನೇದರಿಂದ” ಅಂದಳು.