ನೀಲಿ ಫೋಮ್ ಹಲಗೆ: ಡಿಸೈನ್ ಸ್ಟುಡಿಯೊದಲ್ಲಿ ಎಲ್ಲಿ ಸೈ, ಎಲ್ಲಿ ಬೇಡ

ಪ್ರಾಡಕ್ಟ್ ಡಿಸೈನ್ ಕೋರ್ಸಿಗೆ ಹೊಸದಾಗಿ ವರ್ಕ್‌ಶಾಪ್ ಕಟ್ಟುವವರ ಖರೀದಿ ಪಟ್ಟಿಯಲ್ಲಿ ತ್ರೀಡಿ ಪ್ರಿಂಟರ್ ಮೊದಲೇ ಇರುತ್ತದೆ. ತಾರಸಿಯ ಬಿಸಿಲು ತಡೆಯಲು ಹಾಸುವ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಫೋಮ್ ಹಲಗೆ ಕೊನೆಗೂ ಇರುವುದಿಲ್ಲ. ಮೊದಲ ವರ್ಷದ ಫಾರ್ಮ್ (ಆಕಾರ ರೂಪಿಸುವ) ತರಗತಿಗೆ ಬೇಕಾದದ್ದು ಈ ಹಲಗೆಯೇ. ಅಂಗೈಗಾತ್ರದ ಆಕಾರವೊಂದು ಫೋಮಿನಲ್ಲಿ ಅರ್ಧ ಗಂಟೆಗೆ ಕೈಗೆ ಬರುತ್ತದೆ, ಪ್ರಿಂಟರಿನಲ್ಲಿ ಹಲವು ಗಂಟೆ ಬೇಕು. ಅಷ್ಟು ಹೊತ್ತು ಕಾದು ಪಡೆದದ್ದನ್ನು ಎಸೆಯಲು ಯಾವ ವಿದ್ಯಾರ್ಥಿಗೂ ಮನಸ್ಸು ಬಾರದು. ಫೋಮ್ ಆದರೆ ಒಂದೇ ಮಧ್ಯಾಹ್ನದಲ್ಲಿ ಐದು ಮಾಡಿ, ನಾಲ್ಕನ್ನು ಬುಟ್ಟಿಗೆ ಹಾಕಬಹುದು.

ಕೊಳ್ಳುವಾಗ ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ತರಬೇಡಿ. ಅದು ಕಾಳು ಕಾಳಾಗಿ ಉದುರುತ್ತದೆ, ಮರಳು ಕಾಗದ ತಾಗಿದರೆ ಗುಳಿ ಬೀಳುತ್ತದೆ. ಎಕ್ಸ್‌ಪಿಎಸ್‌ನಲ್ಲಿ ಕಾಳಿಲ್ಲ, ಒಳಗೆಲ್ಲ ಒಂದೇ ಹದ. ಕಟ್ಟಡದ ಇನ್ಸುಲೇಷನ್ ಸಾಮಾನು ಮಾರುವವರಲ್ಲಿ ಕೇಳಿ. 1250×600 ಮಿ.ಮೀ. ಅಳತೆಯಲ್ಲಿ 25, 50, 75 ಮಿ.ಮೀ. ದಪ್ಪದ ಹಲಗೆಗಳು ಬರುತ್ತವೆ. ನೀಲಿಯೋ ಗುಲಾಬಿಯೋ ಎಂಬುದು ತಯಾರಕರ ಇಷ್ಟ. ನೋಡಬೇಕಾದದ್ದು ಸಾಂದ್ರತೆ: ಘನ ಮೀಟರಿಗೆ 32 ಕೆ.ಜಿ. ಆಸುಪಾಸಿನದು ಸಾಕು. 50 ಮಿ.ಮೀ. ದಪ್ಪದ ಒಂದು ಹಲಗೆಯಿಂದ ಹತ್ತಿರ ಹತ್ತಿರ 200×100 ಮಿ.ಮೀ.ನ 36 ತುಂಡುಗಳು ಸಿಗುತ್ತವೆ. ಮೂವತ್ತು ಮಂದಿಯ ತರಗತಿಗೆ ತಲೆಗೊಂದು ಕೊಟ್ಟು ಆರು ಉಳಿಯುತ್ತವೆ.

ಕತ್ತರಿಸಲು ಬಿಸಿ ತಂತಿಯ ಬಿಲ್ಲು ಬೇಕು. ಕಾರ್ಖಾನೆಯ ಯಂತ್ರಕ್ಕೆ ದುಡ್ಡು ಸುರಿಯಬೇಕಿಲ್ಲ. 0.3 ಮಿ.ಮೀ. ದಪ್ಪದ ನೈಕ್ರೋಮ್ ತಂತಿ 40 ಸೆಂ.ಮೀ., 12 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ನಡುವೆ ತಂತಿಯ ಬಿಸಿ ಹೆಚ್ಚು ಕಡಿಮೆ ಮಾಡಲು ಒಂದು ಪಿಡಬ್ಲ್ಯುಎಂ ಡಿಮ್ಮರ್. ಬೆಂಗಳೂರಿನವರಿಗೆ ಇದಕ್ಕೆ ಎಸ್‌.ಪಿ. ರೋಡಿದೆ. ಆ ಉದ್ದಕ್ಕೆ ರೋಧ ಸುಮಾರು 6 ಓಮ್, ಪೂರ್ತಿ ಬಿಟ್ಟರೆ 2 ಆಂಪಿಯರ್ ಹರಿಯುತ್ತದೆ. ಅಷ್ಟು ಬೇಡ, ತಂತಿ ಕೆಂಪಗಾದರೆ ಅತಿಯಾಯಿತು ಎಂದೇ ಅರ್ಥ. ಬಿಸಿಗೆ ತಂತಿ ಉದ್ದವಾಗಿ ಜೋಲುತ್ತದೆ, ಆಗ ಕಡಿತ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಒಂದು ತುದಿಗೆ ಸ್ಪ್ರಿಂಗ್ ಕಟ್ಟಿದರೆ ಈ ತೊಂದರೆ ತಪ್ಪುತ್ತದೆ.

ಹೆಚ್ಚಿನ ಮಾಡೆಲ್‌ಗಳು ಕೆಡುವುದು ಕೈ ನಿಂತಲ್ಲಿ. ತಂತಿ ಮುಟ್ಟದಿದ್ದರೂ ಅದರ ಬಿಸಿಗೇ ಫೋಮ್ ಕರಗುವುದರಿಂದ, ಅರೆಕ್ಷಣ ತಡೆದರೂ ಅಡ್ಡಗೀರು ಏಳುತ್ತದೆ. ತುಂಡಿನ ಎರಡೂ ಮುಖಕ್ಕೆ ಬೇಕಾದ ಆಕಾರಕ್ಕೆ ಕತ್ತರಿಸಿದ 3 ಮಿ.ಮೀ. ಎಂಡಿಎಫ್ (ಮರದ ನಾರಿನ ಹಲಗೆ) ಅಚ್ಚು ಚುಚ್ಚಿ, ಅಂಚಿನುದ್ದಕ್ಕೂ 1, 2, 3 ಎಂದು ಗುರುತು ಹಾಕಿ. ಬಿಲ್ಲಿನ ಎರಡು ತುದಿ ಹಿಡಿದ ಇಬ್ಬರೂ ಅಂಕಿ ಕೂಗುತ್ತ ಒಟ್ಟಿಗೆ ಸಾಗಬೇಕು. ಒಬ್ಬರು ಮುಂದೆ ಹೋದರೆ ಮೈ ತಿರುಚಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ. ಇದೇ ತಂತಿಯನ್ನು ಪಿಯು (ಪಾಲಿಯುರೆಥೇನ್) ಫೋಮಿಗೆ ಹಚ್ಚಲೇಬಾರದು. ಅದರ ಹೊಗೆ ವಿಷ, ಅದಕ್ಕೆ ಗರಗಸವೇ ಗತಿ.

ಮರಳು ಕಾಗದ 80ರ ಗ್ರಿಟ್‌ನಿಂದ (ಅಂಕಿ ಹೆಚ್ಚಿದಷ್ಟೂ ನಯ) ಶುರು ಮಾಡಿ 120, 240ಕ್ಕೆ ಹೋಗಿ. ಒಳಬಾಗಿದ ಭಾಗಕ್ಕೆ ಕಾಗದವನ್ನು ಪಿವಿಸಿ ಪೈಪಿನ ತುಂಡಿಗೆ ಸುತ್ತಿ ಉಜ್ಜಿ. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ತಗ್ಗು ಉಳಿಯುತ್ತದೆ.

ಅಂಟು ಮತ್ತು ಬಣ್ಣದ ವಿಷಯದಲ್ಲಿ ಈ ಹಲಗೆ ಮಹಾ ಮುನಿಸಿನದು. ಚಪ್ಪಲಿ, ಲ್ಯಾಮಿನೇಟ್ ಅಂಟಿಸುವ ರಬ್ಬರ್ ಅಂಟು, ಸೂಪರ್ ಗ್ಲೂ, ಸ್ಪ್ರೇ ಪೇಂಟ್ ಎಲ್ಲವೂ ಇದನ್ನು ತಿನ್ನುತ್ತವೆ. ಸಬ್ಮಿಷನ್ ಹಿಂದಿನ ರಾತ್ರಿ ಸ್ಪ್ರೇ ಹೊಡೆದು ಬೆಳಿಗ್ಗೆ ಹುಳು ತಿಂದ ಬದನೆಕಾಯಿ ತರುವುದು ಪ್ರತಿ ಬ್ಯಾಚಿನ ಹಣೆಬರಹ. ಮರದ ಬಿಳಿ ಅಂಟು ತಿನ್ನುವುದಿಲ್ಲ. ಆದರೆ ಎರಡು ಹಲಗೆಗಳ ನಡುವೆ ಗಾಳಿಯಾಡದೆ ಅದು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹೊಳಪಿನ ಹೊರಪದರ ಕೆರೆದು, ತೆಳ್ಳಗೆ ಹಚ್ಚಿ, ಭಾರ ಹೇರಿಡಿ. ಅವಸರವಿದ್ದರೆ ಡಬಲ್ ಸೈಡ್ ಟೇಪ್ ಸಾಕು. ಆದರೆ ಬಿಸಿ ತಂತಿ ಹಾಯುವ ಜಾಗದಲ್ಲಿ ಅಂಟೂ ಬೇಡ, ಟೇಪೂ ಬೇಡ, ತಂತಿ ಅಲ್ಲೇ ಸಿಕ್ಕಿ ನಿಲ್ಲುತ್ತದೆ. ಬಣ್ಣಕ್ಕೆ ಮೊದಲು ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಎರಡು ಕೋಟ್, ಮೇಲೆ ಅಕ್ರಿಲಿಕ್ ಪುಟ್ಟಿ, ಒಣಗಿದ ಮೇಲೆ 400ರ ಕಾಗದ, ಆಮೇಲೆ ನೀರಿನ ಅಕ್ರಿಲಿಕ್. ಪುಟ್ಟಿಯನ್ನು ತಗ್ಗಿದ್ದಲ್ಲಿ ಮಾತ್ರ ಮೆತ್ತಬೇಡಿ. ಅದು ಫೋಮಿಗಿಂತ ಗಟ್ಟಿ, ಉಜ್ಜಿದಾಗ ಪಕ್ಕದ ಫೋಮ್ ಸವೆದು ಪುಟ್ಟಿ ದಿಬ್ಬವಾಗಿ ನಿಲ್ಲುತ್ತದೆ. ಇಡೀ ಮೈಗೆ ಬಳಿಯಿರಿ.

ಸಂಶೋಧನೆಗೆ ಇದು ಅರ್ಧಂಬರ್ಧ ಆಗಿಬರುತ್ತದೆ. ಹಿಡಿಕೆಯ ಅಧ್ಯಯನಕ್ಕೆ 30, 35, 40, 45 ಮಿ.ಮೀ. ವ್ಯಾಸದ ಮಾದರಿಗಳನ್ನು ಒಂದೇ ದಿನ ಸಿದ್ಧ ಮಾಡಿ, ಬಳಕೆದಾರರ ಕೈಗೆ ಕೊಟ್ಟು, ಬೆರಳು ಎಲ್ಲಿ ಕೂರುತ್ತದೆ ಎಂದು ಫೋಟೊ ಹಿಡಿಯಬಹುದು. ಹಿಡಿತದ ಬಲ ಅಳೆಯಲು ಮಾತ್ರ ಬೇಡ, ಬಿಗಿಯಾಗಿ ಹಿಚುಕಿದರೆ ಫೋಮೇ ಅಮುಕಿಕೊಳ್ಳುತ್ತದೆ. ಇನ್ನೊಂದು ಮೋಸ ತೂಕದ್ದು. 200×100×50 ಮಿ.ಮೀ. ತುಂಡು ತೂಗುವುದು ಬರೀ 32 ಗ್ರಾಂ. ಕಿಲೋ ತೂಗುವ ಇಸ್ತ್ರಿಪೆಟ್ಟಿಗೆಯ ಫೋಮ್ ಮಾದರಿ ಹಿಡಿದವರು ‘ಹಗುರವಾಗಿದೆ, ಚೆನ್ನಾಗಿದೆ’ ಎಂದರೆ ಆ ಉತ್ತರವನ್ನು ಬರೆದುಕೊಂಡು ಪ್ರಯೋಜನವಿಲ್ಲ. ಒಳಗೆ ಕೊರೆದು ಕಬ್ಬಿಣ ತುಂಬಿಸಿ, ಎಂ12 ನಟ್ ಒಂದಕ್ಕೆ ಸುಮಾರು 17 ಗ್ರಾಂ. ತೂಕದಷ್ಟೇ ಮುಖ್ಯ ಅದು ಕೂರುವ ಜಾಗ. ನಿಜವಾದ ವಸ್ತುವಿನ ಗುರುತ್ವ ಕೇಂದ್ರ ಎಲ್ಲಿದೆಯೋ ಅಲ್ಲೇ ನಟ್‌ಗಳೂ ಇರಬೇಕು.

5 ಮಿ.ಮೀ.ಗಿಂತ ತೆಳುವಾದ ಗೋಡೆ, ಒತ್ತಿದರೆ ಕಚ್ಚಿಕೊಳ್ಳುವ ಸ್ನ್ಯಾಪ್ ಫಿಟ್, ಸ್ಕ್ರೂ ಕೂರುವ ಬಾಸ್ (ಗುಬಟು), ಮುಚ್ಚಳದ ಸಂದು ಇವು ಯಾವುವೂ ಫೋಮಿನ ಕೆಲಸವಲ್ಲ. ಪ್ರಿಂಟರ್ ತನ್ನ ದುಡ್ಡಿಗೆ ಸರಿಯಾಗಿ ದುಡಿಯುವುದು ಇಲ್ಲಿ, ಅಂದರೆ ಎರಡನೆಯ ವರ್ಷದಲ್ಲಿ.

ಉಳಿದ ಚೂರನ್ನು ಗುಜರಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಸುಡುವಂತೆಯೂ ಇಲ್ಲ. ಅಂಗೈಗಿಂತ ದೊಡ್ಡ ಚೂರುಗಳನ್ನು ದಪ್ಪದ ಪ್ರಕಾರ ಬೇರೆ ಮಾಡಿ ಒಂದು ಗೋಣಿಯಲ್ಲಿಡಿ, ಬೆಸುಗೆ ಮೇಜಿನಿಂದ ದೂರ. ಮುಂದಿನ ಬ್ಯಾಚಿನವರು ತಂತಿಯ ಬಿಸಿ ಪರೀಕ್ಷಿಸಲು ಹೊಸ ಹಲಗೆಗೆ ಕೈ ಹಾಕುವುದು ತಪ್ಪುತ್ತದೆ.